ಮೈಮೇಲೆ ಬಂದಾಗ ಸರದಿ ಯಾರದು?

ಹಂಪಿಯ ವಿರೂಪಾಕ್ಷ ದೇವಾಲಯದ ರಂಗಮಂಟಪದ ಚಾವಣಿಯಲ್ಲಿ ಮನ್ಮಥ ಶಿವನತ್ತ ಬಾಣ ಹೂಡಿ ನಿಂತಿದ್ದಾನೆ. ತಪಸ್ಸಿಗೆ ಕೂತವನ ಮನಸ್ಸನ್ನು ತಿರುಗಿಸಿ ಬಾ ಎಂದು ದೇವತೆಗಳು ಅವನನ್ನು ಕಳಿಸಿದ್ದಾರೆ. ಅದೇ ಚಾವಣಿಯ ಇನ್ನೊಂದು ಕಡೆ ವಿದ್ಯಾರಣ್ಯರ ಪಲ್ಲಕ್ಕಿ ಮೆರವಣಿಗೆ ಸಾಗಿದೆ. ಶಂಕರಾಚಾರ್ಯರು ಸತ್ತ ರಾಜನ ದೇಹವನ್ನು ಹೊಕ್ಕ ಕತೆ ಹೇಳುವ ಸಂಸ್ಕೃತದ ಶಂಕರವಿಜಯವನ್ನು ಸಂಪ್ರದಾಯ ಇವರ ಹೆಸರಿಗೇ ಹಚ್ಚಿದೆ. ಹೀಗೆ ವಶೀಕರಣ, ಪರಕಾಯ ಪ್ರವೇಶ ಎರಡೂ ಒಂದೇ ಸೂರಿನಡಿ ಬಂದು ಕೂತಿವೆ.

ಮನ್ಮಥನ ಬಾಣ ಏನಾಯಿತೆಂಬುದು ಹಂಪಿಯವರಿಗೆ ಹೇಳಬೇಕಿಲ್ಲ. ಸ್ಥಳಪುರಾಣದ ಪ್ರಕಾರ ಶಿವನು ಅವನನ್ನು ಸುಟ್ಟದ್ದು ಅಲ್ಲೇ ಮೇಲಿನ ಹೇಮಕೂಟದಲ್ಲಿ. ದೇವಾಲಯದ ಮಗ್ಗುಲಿಗೆ ಮನ್ಮಥ ಹೊಂಡವೂ ಇದೆ. ಬಲವಂತದಿಂದ ಆಗದ ಕೆಲಸ ಪಂಪಾದೇವಿಯ ತಪಸ್ಸಿನಿಂದ ಆಯಿತು. ಶಿವ ಅವಳನ್ನು ಮದುವೆಯಾಗಲು ಒಪ್ಪಿದ ನೆನಪಿಗೆ ಇಂದಿಗೂ ವರ್ಷಕ್ಕೊಮ್ಮೆ ಹಂಪಿಯಲ್ಲಿ ಫಲಪೂಜೆ ನಡೆಯುತ್ತದೆ. ಮುಂದೆ ಹುಟ್ಟಿದ ಮಗನೇ ತಾರಕಾಸುರನನ್ನು ಕೊಂದ ಕುಮಾರಸ್ವಾಮಿ. ಸಂಡೂರಿನ ಬೆಟ್ಟದ ಮೇಲೆ ಅವನ ಗುಡಿಯಿದೆ, ಪಾರ್ವತಿಯ ಗುಡಿಯೂ ಅಲ್ಲಿಯೇ. ದೇವತೆಗಳಿಗೆ ಬೇಕಾದದ್ದು ಕೊನೆಗೆ ಸಿಕ್ಕಿತು. ಆದರೆ ಮನಸ್ಸು ಕದಿಯಲು ಹೋದವನು ಬೂದಿಯಾದ, ಮನಸ್ಸು ಗೆಲ್ಲಲು ಕೂತವಳು ಗೆದ್ದಳು. ಈ ವ್ಯತ್ಯಾಸವೇ ಮೇಜಿನ ಸುತ್ತ ಕೂತು ಆಡುವ ಪಾತ್ರಾಟಗಳ ರಚನಾಕಾರರನ್ನು ಐವತ್ತು ವರ್ಷಗಳಿಂದ ಕಾಡುತ್ತಿದೆ.

ಈ ಆಟ ಕಾಣದವರಿಗೆ ಎರಡು ಮಾತು. ನಾಲ್ಕೈದು ಜನ ಕೂತು ತಲೆಗೊಂದು ಪಾತ್ರ ವಹಿಸಿಕೊಳ್ಳುತ್ತಾರೆ. ಇನ್ನೊಬ್ಬರು ಲೋಕವನ್ನು ಕಟ್ಟಿ, ಶತ್ರುಗಳನ್ನು ಆಡಿಸಿ, ಕತೆ ಮುಂದೂಡುತ್ತಾರೆ. ಇಂಗ್ಲಿಷಿನವರು ಇವರನ್ನು ಗೇಮ್ ಮಾಸ್ಟರ್ ಅನ್ನುತ್ತಾರೆ. ನಮ್ಮ ದೊಡ್ಡಾಟದಲ್ಲಿ ರಂಗಕ್ಕೆ ಬಂದ ಪಾತ್ರವನ್ನು ನೀನಾರು, ಎಲ್ಲಿಂದ ಬಂದೆ ಎಂದು ಮಾತಾಡಿಸುವ ಸಾರಥಿ ಇರುವಾಗ ನಾವು ಬೇರೆ ಹೆಸರು ಹುಡುಕಬೇಕಿಲ್ಲ. ಏನಾದರೂ ಸಂದೇಹವಿರುವ ಕೆಲಸಕ್ಕೆ ದಾಳ ಉರುಳಿಸುವುದು, ಉಳಿದದ್ದೆಲ್ಲ ಮಾತು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ತಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಇದರ ಮೊದಲ ಪುಸ್ತಕ.

ಆಟಗಾರನ ಬಳಿ ಇರುವ ಆಸ್ತಿ ಒಂದೇ: ತನ್ನ ಪಾತ್ರ ಈಗ ಏನು ಮಾಡುತ್ತದೆ ಎಂದು ಹೇಳುವ ಹಕ್ಕು. ಕತ್ತಿಯೇಟು ಬಿದ್ದರೂ, ಸೆರೆಮನೆ ಸೇರಿದರೂ ಆ ಹಕ್ಕು ಉಳಿದಿರುತ್ತದೆ. ವಶೀಕರಣ ಕೈಹಾಕುವುದು ನೇರ ಅದಕ್ಕೇ. ಆದ್ದರಿಂದ ಬೇರೆ ಶಕ್ತಿಗಳನ್ನು ತೂಗುವ ತಕ್ಕಡಿಯಲ್ಲೇ ಇದನ್ನೂ ಇಟ್ಟು, ಇಷ್ಟು ಹಾನಿ, ಇಷ್ಟು ಹೊತ್ತು ಎಂದು ಲೆಕ್ಕ ಹಾಕಿದರೆ ಲೆಕ್ಕ ತಪ್ಪುತ್ತದೆ.

ಲೆಕ್ಕವನ್ನೇ ನೋಡೋಣ. ಈ ಆಟದ 2014ರ ಐದನೆಯ ಆವೃತ್ತಿಯಲ್ಲಿ ಕಾಳಗದ ಒಂದು ಸುತ್ತು ಎಂದರೆ ಕತೆಯೊಳಗೆ 6 ಸೆಕೆಂಡು. ‘ಡಾಮಿನೇಟ್ ಪರ್ಸನ್’ ಎಂಬ ವಶೀಕರಣ ಮಂತ್ರದ ಸಾಮಾನ್ಯ ಅವಧಿ ಹೆಚ್ಚೆಂದರೆ ಒಂದು ನಿಮಿಷ, ಅಂದರೆ 10 ಸುತ್ತು. ಓದುವಾಗ ಒಂದು ನಿಮಿಷವಷ್ಟೇ ಅಲ್ಲವೇ ಅನಿಸುತ್ತದೆ. ಆದರೆ ಬಹುತೇಕ ಕಾಳಗಗಳು ನಾಲ್ಕೈದು ಸುತ್ತಿನೊಳಗೆ ಮುಗಿಯುತ್ತವೆ; ಐದು ಜನ ಕೂತಲ್ಲಿ ಒಂದು ಸುತ್ತು ಸರಾಗವಾಗಿ ಹತ್ತು ನಿಮಿಷ ತಿನ್ನುತ್ತದೆ. ವಶವಾದ ಪಾತ್ರದ ಯಜಮಾನ ಮುಕ್ಕಾಲು ಗಂಟೆ ಚಹಾ ಕುಡಿಯುತ್ತ ಕೂರಬೇಕು, ಅಥವಾ ಫೋನು ತೆಗೆಯಬೇಕು. ಜತೆಗೆ ಬಲಾಬಲವೂ ಏರುಪೇರಾಗುತ್ತದೆ. ನಾಲ್ವರಲ್ಲಿ ಒಬ್ಬ ಸತ್ತರೆ ಈ ಕಡೆ ಮೂವರು ಉಳಿಯುತ್ತಾರೆ. ಒಬ್ಬ ವಶವಾದರೆ ಈ ಕಡೆ ಒಂದು ಕಳೆದು ಆ ಕಡೆ ಒಂದು ಕೂಡುತ್ತದೆ.

ತಪ್ಪಿಸಿಕೊಳ್ಳಲು 20 ಮುಖದ ದಾಳ ಇದೆ ಎನ್ನಬಹುದು. ಗುರಿ 15, ನಿಮ್ಮ ಮನೋಬಲದ ಕೂಡಿಕೆ 2 ಎಂದಿಟ್ಟುಕೊಳ್ಳಿ. 13 ಅಥವಾ ಅದರ ಮೇಲೆ ಬೀಳಬೇಕು. ಅಂದರೆ 100ಕ್ಕೆ 60 ಸಲ ವಶ. ಸುತ್ತಿಗೊಮ್ಮೆ ಮತ್ತೆ ದಾಳ ಹಾಕುವ ಅವಕಾಶ ಕೊಟ್ಟರೆ, ಎರಡು ಸುತ್ತು ಕಳೆದ ಮೇಲೂ ಬಿಡಿಸಿಕೊಳ್ಳದೆ ಇರುವವರು 100ಕ್ಕೆ ಸುಮಾರು 22. ಇದು ಸುಧಾರಣೆ ಹೌದು. ಆದರೆ ಆ ಹೊತ್ತಿನಲ್ಲಿ ಆಟಗಾರ ಮಾಡುವುದೇನು? ದಾಳ ಹಾಕುವುದು, ಬಿದ್ದಿಲ್ಲವೆಂದು ಕೂರುವುದು. ಬಳ್ಳಾರಿಯ ಬೆಳಗಲ್ಲು ವೀರಣ್ಣನವರ ತೊಗಲುಗೊಂಬೆಗಳು ಇನ್ನೊಬ್ಬರ ಕೈ, ಇನ್ನೊಬ್ಬರ ದನಿಯಲ್ಲಿ ಜೀವ ತಳೆದು ನೋಡುವವರ ಕಣ್ಣು ತುಂಬಿಸುತ್ತಿದ್ದವು. ಗೊಂಬೆಗೆ ಬೇಸರ ಬರುವುದಿಲ್ಲ, ಆಟಗಾರನಿಗೆ ಬರುತ್ತದೆ.

ಐವತ್ತು ವರ್ಷದ ತಿದ್ದುಪಡಿಗಳ ಹಾದಿ ಕುತೂಹಲದ್ದು. ಮೊದಲ ಪುಸ್ತಕದಲ್ಲಿ ‘ಚಾರ್ಮ್ ಪರ್ಸನ್’ ಮಂತ್ರಕ್ಕೆ ಸಿಕ್ಕವನು ಯಾರಾದರೂ ಬಿಡಿಸುವವರೆಗೆ ವಶದಲ್ಲೇ ಇರುತ್ತಿದ್ದ. ಎಪ್ಪತ್ತರ ದಶಕದ ಕೊನೆಗೆ ಅವಧಿಯನ್ನು ಬುದ್ಧಿಮಟ್ಟಕ್ಕೆ ಕಟ್ಟಿದರು: ದಡ್ಡನಾದರೆ ತಿಂಗಳುಗಟ್ಟಲೆ, ಮಹಾಬುದ್ಧಿವಂತನಾದರೆ ದಿನದ ಲೆಕ್ಕ. 2014ರ ಹೊತ್ತಿಗೆ ಅದು ಒಂದೇ ಗಂಟೆಗೆ ಇಳಿದಿತ್ತು. ಮೇಲಾಗಿ ಮಂತ್ರ ಇಳಿದ ಮೇಲೆ ತನ್ನನ್ನು ಮರುಳು ಮಾಡಿದ್ದು ಯಾರೆಂದು ಸಿಕ್ಕವನಿಗೆ ಗೊತ್ತಾಗುತ್ತದೆ. ಅವಧಿ ಕಡಿಮೆ ಮಾಡಿದ್ದಕ್ಕಿಂತ ಈ ಕೊನೆಯ ಸಾಲು ದೊಡ್ಡ ತಿದ್ದುಪಡಿ. ಅಂಗಡಿಯವನನ್ನು ಮರುಳು ಮಾಡಿ ಕುದುರೆ ಪಡೆದವನು ಮರುದಿನ ಅದೇ ಬೀದಿಯಲ್ಲಿ ತಲೆ ಎತ್ತಿ ನಡೆಯುವಂತಿಲ್ಲ. ಶಕ್ತಿಗೆ ಸಾಮಾಜಿಕ ಬೆಲೆ ಬಂತು.

ಬೇರೆ ಆಟಗಳು ಬೇರೆ ಕಡೆ ಬೇಲಿ ಹಾಕಿದವು. ‘ಗರ್ಪ್ಸ್’ ಆಟ ಶಕ್ತಿಗೆ ಅಂಗಡಿಯ ದರಪಟ್ಟಿ ಹಚ್ಚಿತು. ಅದರ ನಾಲ್ಕನೆಯ ಆವೃತ್ತಿಯಲ್ಲಿ ವಶೀಕರಣಕ್ಕೆ 50 ಅಂಕ, ಪರಕಾಯ ಪ್ರವೇಶಕ್ಕೆ 100. ಹೆಚ್ಚು ತೆತ್ತವನಿಗೆ ಹೆಚ್ಚು ಶಕ್ತಿ ಎಂಬುದು ಕೊಳ್ಳುವವನಿಗೆ ನ್ಯಾಯ, ಒಳಗಾಗುವವನಿಗೆ ಅದರಿಂದ ಏನೂ ಇಲ್ಲ. 1991ರ ‘ವ್ಯಾಂಪೈರ್: ದಿ ಮಾಸ್ಕರೇಡ್’ ಕಣ್ಣಲ್ಲಿ ಕಣ್ಣಿಟ್ಟರೆ ಮಾತ್ರ ಅಪ್ಪಣೆ ನಾಟುತ್ತದೆ ಎಂದಿತು. ಇದು ಜಾಣತನ. ನೋಟ ತಪ್ಪಿಸುವುದು, ಕಣ್ಣಿಗೆ ಬಟ್ಟೆ ಕಟ್ಟಿ ಕಾದುವುದು, ಇವೆಲ್ಲ ಆಟಗಾರ ಮಾಡಬಹುದಾದ ಕೆಲಸಗಳು. ದಾಳ ಬೀಳುವ ಮೊದಲೇ ಅವನಿಗೆ ಆಟ ಸಿಗುತ್ತದೆ.

ಈ ತಿದ್ದುಪಡಿಗಳಲ್ಲಿ ಒಂದರ ಬಗ್ಗೆ ನನಗೆ ತಕರಾರಿದೆ. ‘ಡಾಮಿನೇಟ್ ಪರ್ಸನ್’ಗೆ ಸಿಕ್ಕವನಿಗೆ ಏಟು ಬಿದ್ದಾಗಲೆಲ್ಲ ಬಿಡಿಸಿಕೊಳ್ಳಲು ಹೊಸ ದಾಳ. ಅದೇ ಆಟದ ಪ್ರೇತ ಮೈಹೊಕ್ಕರೆ, ಮೈಯ ಜೀವಾಂಕ ಸೊನ್ನೆಗೆ ಇಳಿದಾಗ ಅದು ಹೊರಬರುತ್ತದೆ; ತಾನಾಗಿ ಬಿಟ್ಟುಹೋಗಬಹುದು, ವಿಶೇಷ ಮಂತ್ರದಿಂದ ಅಟ್ಟಬಹುದು, ಆದರೆ ಹಲವು ತಂಡಗಳ ಕೈಲಿರುವ ದಾರಿ ಬಡಿಯುವುದೊಂದೇ. ಲೆಕ್ಕಕ್ಕೆ ಇವು ಅಚ್ಚುಕಟ್ಟು. ಮೇಜಿನ ಮೇಲೆ ಆಗುವುದೇನೆಂದರೆ, ಗೆಳೆಯರೆಲ್ಲ ಸೇರಿ ಮೈದುಂಬಿದವನನ್ನು ಬಡಿಯುತ್ತಾರೆ. ನಮ್ಮ ಊರುಗಳಲ್ಲಿ ಗಾಳಿ ಬಿಡಿಸುವ ಹೆಸರಿನಲ್ಲಿ ಬೇವಿನ ಬರಲು, ಚಾಟಿ ಹಿಡಿದವರು ಮಾಡುತ್ತ ಬಂದದ್ದೂ ಇದನ್ನೇ, ಮತ್ತು ಆ ಏಟು ಬಹುಪಾಲು ಬಿದ್ದದ್ದು ಹೆಂಗಸರ ಮೇಲೆ. ದೆವ್ವ ಬಿಡಿಸುವ ನೆಪದ ಹಿಂಸೆಯನ್ನು ಕರ್ನಾಟಕದ 2017ರ ಅಮಾನವೀಯ ದುಷ್ಟ ಪದ್ಧತಿ ಮತ್ತು ಮಾಟಮಂತ್ರ ತಡೆ ಕಾಯ್ದೆ ಅಪರಾಧವೆಂದಿದೆ. ಕಾಯ್ದೆ ಆಟಕ್ಕೆ ಅನ್ವಯಿಸುವುದಿಲ್ಲ, ಸರಿ. ಆದರೂ ಬಳ್ಳಾರಿ ಸೀಮೆಯ ಹುಡುಗ ಹುಡುಗಿಯರು ಆಡುವ ಆಟದಲ್ಲಿ ‘ಹೊಡೆದರೆ ಹೋಗುತ್ತದೆ’ ಎಂಬುದು ನಿಯಮವೇ ಆಗಿ ಕೂತಿದ್ದರೆ ನನಗೆ ಕಸಿವಿಸಿ. ಆಟವಾಗಿಯೂ ಅದು ಬಡಕಲು ನಿಯಮ: ಬಡಿಯಲು ಯೋಚನೆ ಬೇಕಿಲ್ಲ.

ಬೇರೆ ದಾರಿ ಶಂಕರವಿಜಯದಲ್ಲೇ ಇದೆ. ಮಂಡನಮಿಶ್ರರ ಪತ್ನಿ ಉಭಯಭಾರತಿ ವಾದದಲ್ಲಿ ಕಾಮಶಾಸ್ತ್ರದ ಪ್ರಶ್ನೆ ಕೇಳಿದಾಗ ಸಂನ್ಯಾಸಿ ಶಂಕರರು ಒಂದು ತಿಂಗಳ ಗಡುವು ಪಡೆಯುತ್ತಾರೆ. ಬೇಟೆಯಲ್ಲಿ ಸತ್ತ ಅಮರುಕ ರಾಜನ ದೇಹ ಹೊಗುತ್ತಾರೆ. ತಮ್ಮ ದೇಹವನ್ನು ಗುಹೆಯಲ್ಲಿ ಶಿಷ್ಯರ ಕಾವಲಿಗೆ ಬಿಟ್ಟಿರುತ್ತಾರೆ. ಅರಮನೆಯಲ್ಲಿ ರಾಜ ಇದ್ದಕ್ಕಿದ್ದಂತೆ ಗುಣವಂತನಾದದ್ದು ಮಂತ್ರಿಗಳಿಗೆ ಅನುಮಾನ ತರಿಸುತ್ತದೆ. ಯಾರೋ ಯೋಗಿ ಒಳಗಿದ್ದಾನೆ, ಅವನು ಹೋಗದಿರಲಿ ಎಂದು ರಾಜ್ಯದಲ್ಲಿ ಸಿಕ್ಕ ಹೆಣಗಳನ್ನೆಲ್ಲ ಸುಡಲು ಅಪ್ಪಣೆಯಾಗುತ್ತದೆ. ಇತ್ತ ಒಳಹೊಕ್ಕವರಿಗೆ ತಾವು ಯಾರೆಂಬುದೇ ಮರೆಯತೊಡಗುತ್ತದೆ. ಶಿಷ್ಯರು ಹಾಡುಗಾರರ ವೇಷದಲ್ಲಿ ಬಂದು ಹಾಡಿ ನೆನಪಿಸುತ್ತಾರೆ. ಮರಳುವ ಹೊತ್ತಿಗೆ ದೇಹಕ್ಕೆ ಬೆಂಕಿ ತಗುಲಿರುತ್ತದೆ.

ಆಟದ ಕಣ್ಣಿನಿಂದ ಓದಿದರೆ ಇದಕ್ಕಿಂತ ಹದವಾದ ಪರಕಾಯ ನಿಯಮವನ್ನು ನಾನು ಯಾವ ಪುಸ್ತಕದಲ್ಲೂ ಕಂಡಿಲ್ಲ. ಗಡುವಿದೆ, ಖಾಲಿ ದೇಹಕ್ಕೆ ಅಪಾಯವಿದೆ, ಎದುರಾಳಿಗೆ ಸುಳಿವು ಹಿಡಿಯುವ ಅವಕಾಶವಿದೆ, ಹೊಕ್ಕವನಿಗೆ ಮರೆವಿನ ದಂಡವಿದೆ, ಮುಖ್ಯವಾಗಿ ಉಳಿದ ಆಟಗಾರರಿಗೆ ಕೈತುಂಬ ಕೆಲಸವಿದೆ: ಕಾವಲು, ವೇಷ, ಹಾಡು. ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ನ ‘ಮ್ಯಾಜಿಕ್ ಜಾರ್’ ಎಂಬ ಹಳೆಯ ಮಂತ್ರ ಅರ್ಧ ದಾರಿ ಬರುತ್ತದೆ. ಅಲ್ಲೂ ಮಂತ್ರಗಾರನ ದೇಹ ಪ್ರಜ್ಞೆತಪ್ಪಿ ಬಿದ್ದಿರುತ್ತದೆ, 100 ಅಡಿಯ ಮಿತಿಯೂ ಇದೆ. ಮರೆವು ಮಾತ್ರ ಇಲ್ಲ. ಇನ್ನೊಂದು ಸೂಕ್ಷ್ಮವೂ ಕಾಣುತ್ತದೆ: ಅಮರುಕ ಸತ್ತಿದ್ದಾನೆ. ಯಾರ ಮನಸ್ಸನ್ನೂ ಹೊರದಬ್ಬಿ ಒಳಹೋದದ್ದಲ್ಲ.

ಬದುಕಿದ್ದವರೊಳಗೆ ಹೋದರೆ? ಮಹಾಭಾರತದ ಶಾಂತಿಪರ್ವದಲ್ಲಿ ಸುಲಭೆ ಎಂಬ ಸಂನ್ಯಾಸಿನಿ ಯೋಗಬಲದಿಂದ ಜನಕನ ಮನಸ್ಸನ್ನು ಹೊಗುತ್ತಾಳೆ. ಯಾರ ಅಪ್ಪಣೆಯಿಂದ ಒಳಬಂದೆ ಎಂದು ಜನಕ ಕೂಗಾಡುತ್ತಾನೆ. ನೀನು ಮುಕ್ತನೇ ಆಗಿದ್ದರೆ ನಾನು ಬಂದದ್ದರಿಂದ ನಿನಗೇನು ತೊಂದರೆ ಎನ್ನುವುದು ಅವಳ ವಾದದ ತಿರುಳು. ಇಬ್ಬರ ವಾಗ್ವಾದ ನಡೆಯುವುದು ಒಂದೇ ಮೈಯೊಳಗೆ. ವಶವಾದವನ ಬಾಯಿ ಮುಚ್ಚದ ಪ್ರವೇಶ ಇದು. ಒಂದು ಪಾತ್ರದೊಳಗೆ ಇಬ್ಬರು ಕೂತು ಜಗಳವಾಡಲಿ, ಯಾವ ಕೈ ಯಾರ ಮಾತು ಕೇಳುತ್ತದೆಂದು ದಾಳ ಹೇಳಲಿ; ಚಹಾ ಕುಡಿಯುತ್ತ ಕೂರುವ ಪ್ರಶ್ನೆಯೇ ಬರುವುದಿಲ್ಲ.

ಕನಕದಾಸರು ‘ನಳಚರಿತ್ರೆ’ಯಲ್ಲಿ ಕನ್ನಡಕ್ಕೆ ತಂದ ನಳನ ಕತೆ ಇನ್ನೂ ನಯವಾದದ್ದು. ವ್ಯಾಸಭಾರತದಲ್ಲಿ ಕಲಿಪುರುಷ ನಳನ ಮೈಹೊಗಲು 12 ವರ್ಷ ಕಾಯುತ್ತಾನೆ. ನಳ ಒಂದು ದಿನ ಕಾಲು ತೊಳೆಯದೆ ಸಂಧ್ಯೆಗೆ ಕೂತಾಗ ಸಂದು ಸಿಗುತ್ತದೆ. ಹೊಕ್ಕ ಮೇಲೂ ಕಲಿ ನಳನ ಎಲ್ಲವನ್ನೂ ಕಿತ್ತುಕೊಳ್ಳುವುದಿಲ್ಲ. ಜೂಜಿನ ಹುಚ್ಚು ಹಿಡಿಸುತ್ತಾನೆ, ಮಡದಿಯನ್ನು ಕಾಡಿನಲ್ಲಿ ಬಿಡಿಸುತ್ತಾನೆ, ಅಷ್ಟೆ. ನಳ ಅಡುಗೆ ಮಾಡುತ್ತಾನೆ, ಕುದುರೆ ಓಡಿಸುತ್ತಾನೆ, ಕೊರಗುತ್ತಾನೆ, ನಳನಾಗಿಯೇ ಇರುತ್ತಾನೆ. ಒಳಗಿರುವ ಕಲಿಯನ್ನು ಕಾರ್ಕೋಟಕನೆಂಬ ನಾಗನ ವಿಷ ಸುಡುತ್ತಿರುತ್ತದೆ. ನಳ ಋತುಪರ್ಣ ರಾಜನಿಂದ ದಾಳದ ಮರ್ಮ ಕಲಿತ ಗಳಿಗೆಯಲ್ಲಿ ಕಲಿ ಹೊರಬೀಳುತ್ತಾನೆ. (ದಾಳದ ಲೆಕ್ಕ ಬಲ್ಲವನಿಗೆ ಕಲಿ ಅಂಟುವುದಿಲ್ಲ ಎಂಬ ಮಾತು ಆಟಗಾರರಿಗೆ ಇಷ್ಟವಾದೀತು.) ಪಾತ್ರ ಆಟಗಾರನದೇ, ಒಂದು ತೂತು ಮಾತ್ರ ಅನ್ಯರದು. 2013ರ ‘ಫೇಟ್ ಕೋರ್’ ಇದನ್ನು ವ್ಯಾಪಾರದ ರೂಪಕ್ಕೆ ತಂದಿದೆ: ಸಾರಥಿ ನಿನ್ನ ದೌರ್ಬಲ್ಯದ ಎಳೆ ಹಿಡಿದು ಎಳೆದಾಗ ಒಪ್ಪಿದರೆ ಒಂದು ಬಿಲ್ಲೆ ನಿನಗೆ, ಒಲ್ಲೆನೆಂದರೆ ಒಂದು ಬಿಲ್ಲೆ ನೀನು ಕೊಡು. 2010ರಲ್ಲಿ ವಿನ್ಸೆಂಟ್ ಬೇಕರ್ ತಂದ ‘ಅಪಾಕಲಿಪ್ಸ್ ವರ್ಲ್ಡ್’ನಲ್ಲಿಯೂ ಒಬ್ಬ ಆಟಗಾರ ಇನ್ನೊಬ್ಬನನ್ನು ಒಲಿಸಲು ಹೊರಟರೆ ಆಮಿಷವೊಡ್ಡಬಹುದು, ನಿರಾಕರಣೆಯನ್ನು ದುಬಾರಿ ಮಾಡಬಹುದು; ಉತ್ತರ ಮಾತ್ರ ಎದುರಿನವನದೇ.

ಇನ್ನು ಕಂಪ್ಲಿ. ಕುಮಾರರಾಮನ ಚೆಂಡು ಮಲತಾಯಿ ರತ್ನಾಜಿಯ ಅರಮನೆಗೆ ಬಿದ್ದದ್ದು, ಅವಳು ಮೋಹಿಸಿ ನಿರಾಶಳಾಗಿ ದೂರಿದ್ದು, ಕಂಪಿಲರಾಯ ಮಗನ ತಲೆ ತರಲು ಹೇಳಿದ್ದು ಈ ಸೀಮೆಯ ಮನೆಮಾತು. ಇಲ್ಲಿ ಮಾಟವಿಲ್ಲ, ಮಂತ್ರವಿಲ್ಲ; ಮಾತಿನಿಂದಲೇ ಒಬ್ಬ ರಾಜನ ಬುದ್ಧಿ ತಿರುಗಿದೆ. ನನಗೆ ಮುಖ್ಯವೆನಿಸುವವನು ಮಂತ್ರಿ ಬೈಚಪ್ಪ. ಅಪ್ಪಣೆ ಮೀರುವಂತಿಲ್ಲ, ಮಾಡುವಂತೆಯೂ ಇಲ್ಲ. ಅವನು ರಾಮನನ್ನು ನೆಲಮಾಳಿಗೆಯಲ್ಲಿ ಬಚ್ಚಿಟ್ಟು ಬೇರೊಂದು ತಲೆ ತೋರಿಸುತ್ತಾನೆ. ದೆಹಲಿಯ ಸೈನ್ಯ ಬಂದಾಗ ಸತ್ತನೆಂದುಕೊಂಡಿದ್ದ ರಾಮ ಹೊರಬಂದು ಕಾದುತ್ತಾನೆ. ಇತಿಹಾಸದ ಕಂಪಿಲಿ ರಾಜ್ಯ 1327ರ ಸುಮಾರಿಗೆ ಮಹಮ್ಮದ್ ಬಿನ್ ತುಘಲಕನ ಪಡೆಗೆ ಬಿತ್ತು.

ಏನು ಮಾಡಬೇಕೆಂಬುದು ಅಪ್ಪಣೆಕೊಟ್ಟವನದು, ಹೇಗೆ ಮಾಡಬೇಕೆಂಬುದು ಒಳಗಾದವನದು ಎಂದು ಹಂಚಿಬಿಟ್ಟರೆ ವಶೀಕರಣದ ಅರ್ಧ ಸಮಸ್ಯೆ ಅಲ್ಲೇ ಕರಗುತ್ತದೆ. 2014ರ ಐದನೆಯ ಆವೃತ್ತಿಯ ‘ಸಜೆಶನ್’ ಮಂತ್ರದಲ್ಲಿ ಇದರ ಒಂದೆಳೆ ಇದೆ. ಅಪ್ಪಣೆ ಒಂದೆರಡು ವಾಕ್ಯ ಮೀರಬಾರದು, ಕೇಳಲು ಸಮಂಜಸವಾಗಿರಬೇಕು. ನಾನು ಸಾರಥಿಯಾದಾಗ ಅಪ್ಪಣೆಯನ್ನು ಚೀಟಿಯಲ್ಲಿ ಬರೆದು ಒಳಗಾದ ಆಟಗಾರನ ಕೈಗೇ ಕೊಡುತ್ತೇನೆ. ‘ಕೋಟೆಬಾಗಿಲು ತೆರೆ’ ಎಂದು ಬರೆದಿದ್ದರೆ ಅವನು ತೆರೆಯಲೇಬೇಕು. ಯಾವ ಬಾಗಿಲು, ಎಷ್ಟು ಸದ್ದು ಮಾಡಿ, ಯಾರ ಕಣ್ಣಿಗೆ ಬೀಳುವಂತೆ, ಇದೆಲ್ಲ ಅವನಿಗೆ ಬಿಟ್ಟದ್ದು. ಸುಮ್ಮನೆ ಕೂರುವ ಬದಲು ಅವನೇ ಆ ಹೊತ್ತಿನ ಬೈಚಪ್ಪನಾಗುತ್ತಾನೆ. ಕೆಲವರು ದ್ರೋಹವನ್ನು ಸಾರಥಿಗಿಂತ ಸೊಗಸಾಗಿ ಆಡುತ್ತಾರೆ, ಅದು ಬೇರೆ ಮಾತು.

ಕತೆಗಳನ್ನು ಬಿಟ್ಟು ಕಣ್ಣೆದುರಿನ ಆಚರಣೆಗೆ ಬಂದರೆ ಮೈಲಾರ. ವಿಜಯನಗರ ಜಿಲ್ಲೆಯದೇ ಹೂವಿನಹಡಗಲಿ ತಾಲ್ಲೂಕಿನ ಈ ಊರಲ್ಲಿ ಭರತ ಹುಣ್ಣಿಮೆಯ ಜಾತ್ರೆಗೆ ಲಕ್ಷಗಟ್ಟಲೆ ಜನ ಸೇರುತ್ತಾರೆ. 11 ದಿನ ಉಪವಾಸವಿದ್ದ ಗೊರವಯ್ಯ ಡೆಂಕನಮರಡಿಯಲ್ಲಿ ನೆಟ್ಟ ಬಿಲ್ಲನ್ನೇರಿ ‘ಸದ್ದಲೇ’ ಎಂದು ಕೂಗುತ್ತಾನೆ. ಮರಡಿಗೆ ಮರಡಿಯೇ ಮೌನವಾಗುತ್ತದೆ. ಒಂದು ವಾಕ್ಯದ ಕಾರಣಿಕ ನುಡಿದು ಕೆಳಗೆ ಬೀಳುತ್ತಾನೆ, ಕೆಳಗಿದ್ದವರು ಹಿಡಿದುಕೊಳ್ಳುತ್ತಾರೆ. ಅದು ಮಳೆಯ ಮಾತೋ, ಬೆಳೆಯ ಮಾತೋ, ವಿಧಾನಸೌಧದ ಮಾತೋ ಎಂದು ಮುಂದಿನ ವಾರವಿಡೀ ಕಟ್ಟೆಗಳಲ್ಲಿ ಚರ್ಚೆ.

ಎಷ್ಟು ಕಟ್ಟುಪಾಡು ನೋಡಿ. ಜಾಗ ಗೊತ್ತು, ದಿನ ಗೊತ್ತು, ಬರುವ ಮೈ ಯಾರದೆಂದೂ ಗೊತ್ತು. ಮೈ ಮೊದಲೇ ವ್ರತದಿಂದ ತಯಾರಾಗಿದೆ, ಬೀಳುವಾಗ ಹಿಡಿಯುವ ಕೈಗಳಿವೆ. ಬಂದ ಶಕ್ತಿಗೆ ದಕ್ಕುವುದು ಒಂದೇ ವಾಕ್ಯ, ಅದರ ಅರ್ಥ ಮಾತ್ರ ಜನರದು. ಬಳ್ಳಾರಿ, ಕೊಪ್ಪಳ ಸೀಮೆಯ ಮೊಹರಮ್ಮಿನಲ್ಲಿ ಅಲಾಯಿ ದೇವರು ಹೊತ್ತವರ ಹೇಳಿಕೆಗೂ ಹೀಗೇ ಸಮಯ, ಸ್ಥಳಗಳ ಎಲ್ಲೆಯುಂಟು; ಹಿಂದೂ ಮುಸ್ಲಿಮರಿಬ್ಬರೂ ಅದರ ಮುಂದೆ ಕೂರುತ್ತಾರೆ. ಮೈಮೇಲೆ ಬರುವುದೆಂದರೆ ಹತೋಟಿ ತಪ್ಪುವುದು ಎಂದು ಆಟದ ಪುಸ್ತಕಗಳು ತಿಳಿದಿವೆ. ಇಲ್ಲಿ ಅದಕ್ಕೆ ಊರಿಡೀ ಸೇರಿ ಹತೋಟಿ ಹಾಕಿದೆ.

ಇದನ್ನು ನಿಯಮವಾಗಿಸುವುದು ಕಷ್ಟವಲ್ಲ. ಮೈದುಂಬಿದ ಪಾತ್ರದ ಆಟಗಾರ ಒಂದು ವಾಕ್ಯ ನುಡಿಯಲಿ, ಉಳಿದವರು ಅದರ ಅರ್ಥ ತೀರ್ಮಾನಿಸಲಿ, ಆ ಅರ್ಥ ಮುಂದಿನ ಕೂಟದವರೆಗೆ ಲೋಕದ ಸತ್ಯವಾಗಲಿ. ಸಾರಥಿಗೂ ಮೊದಲೇ ಗೊತ್ತಿರದ ಭವಿಷ್ಯ ಹೀಗೆ ಹುಟ್ಟುತ್ತದೆ. ಬೆಲೆಯಾಗಿ ಒಂದು ವ್ರತ ಇರಲಿ. ವ್ರತ ಕೆಟ್ಟರೆ ಮಾತು ಬರುತ್ತದೆ, ಹಿಡಿಯುವ ಕೈ ಇರುವುದಿಲ್ಲ.

ಒಂದು ಎಚ್ಚರಿಕೆ ಬೇಕು. ತುಂಗಭದ್ರೆಯಾಚೆಯ ಹುಲಿಗಿಯಲ್ಲಿ ಹುಲಿಗೆಮ್ಮನ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡ ಜೋಗತಿಯರು ಪುರಾಣದ ಪಾತ್ರಗಳಲ್ಲ, ನಮ್ಮ ನೆರೆಹೊರೆಯವರು. 2021ರ ಪದ್ಮಶ್ರೀ ಪುರಸ್ಕೃತೆ, ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿದ್ದ ಮಂಜಮ್ಮ ಜೋಗತಿ ಹೊಸಪೇಟೆ ಹತ್ತಿರದ ಮರಿಯಮ್ಮನಹಳ್ಳಿಯವರು. ಅಂಥವರ ಬದುಕನ್ನು ದೆವ್ವದ ಅಧ್ಯಾಯಕ್ಕೆ ಸೇರಿಸಿ ದಾಳ ಹಾಕುವುದು ಒರಟುತನ. ಆಟ ಶುರುವಾಗುವ ಮೊದಲೇ ಯಾವುದು ಬೇಡ, ಯಾವುದು ತೆರೆಮರೆಯಲ್ಲಿರಲಿ ಎಂದು ಕೂತು ಮಾತಾಡುವ ಪದ್ಧತಿಯನ್ನು ರಾನ್ ಎಡ್ವರ್ಡ್ಸ್ 2003ರಲ್ಲಿ ಬರೆದಿಟ್ಟರು. ಆಟದ ನಡುವೆ ಇದು ಸಾಕು ಎನ್ನಲು ಜಾನ್ ಸ್ಟಾವ್ರೊಪೊಲಸ್ ಅವರ ಎಕ್ಸ್ ಕಾರ್ಡ್ ಬಂತು. ಮೋಹನ, ವಶೀಕರಣ ಬರುವ ಆಟದಲ್ಲಿ, ಅದರಲ್ಲೂ ಕಾಮದ ವಾಸನೆಯಿದ್ದರೆ, ಈ ಮಾತುಕತೆ ಇಲ್ಲದೆ ಶುರು ಮಾಡಬಾರದು ಎಂಬುದು ನನ್ನ ಹಟ.

ಈವರೆಗೆ ಆಟಗಾರನೇ ಬಲಿಯಾಗುವ ಮಾತಾಯಿತು. ಶಕ್ತಿ ಆಟಗಾರನ ಕೈಯಲ್ಲೇ ಇದ್ದರೆ ತೊಂದರೆ ತಲೆಕೆಳಗು. ಇಡೀ ರಾತ್ರಿಯ ಆಟಕ್ಕೆಂದು ಸಾರಥಿ ಕಟ್ಟಿದ ರಕ್ಕಸ ಮೊದಲ ಸುತ್ತಿನಲ್ಲೇ ವಶವಾದರೆ ಆಟ ಮುಗಿಯಿತು. ಇದಕ್ಕೆ ಐದನೆಯ ಆವೃತ್ತಿ ದೊಡ್ಡ ಶತ್ರುಗಳಿಗೆ ದಿನಕ್ಕೆ ಮೂರು ಸಲ, ದಾಳ ಸೋತರೂ ಗೆದ್ದೆನೆನ್ನುವ ಹಕ್ಕು ಕೊಟ್ಟಿತು. ಆನೆಗೊಂದಿಯ ಕಡೆ ವಾಲಿಯ ಬಗ್ಗೆ ಜನ ಹೇಳುವ ವರವೂ ಇದೇ ಜಾತಿಯದು: ಎದುರು ನಿಂತವನ ಅರ್ಧ ಬಲ ಅವನಿಗೆ. ಎದುರಿಗೆ ಉತ್ತರವೇ ಇಲ್ಲದಿದ್ದಾಗ ರಾಮನಂಥವನೂ ಮರದ ಮರೆ ಹುಡುಕಿದ. ಮೂರು ಸಲದ ಹಕ್ಕಿನೆದುರು ಆಟಗಾರರೂ ಮರೆ ಹುಡುಕುತ್ತಾರೆ; ಸಣ್ಣಪುಟ್ಟ ಮಂತ್ರ ಎಸೆದು ಆ ಮೂರನ್ನೂ ಖರ್ಚು ಮಾಡಿಸಿ ಆಮೇಲೆ ಅಸಲಿ ಮಂತ್ರ ಹಾಕುತ್ತಾರೆ. ಇದಕ್ಕಿಂತ, ದೊಡ್ಡ ಶತ್ರುವಿನ ಮೇಲೆ ವಶೀಕರಣ ನಾಟಿದರೆ ಅವನು ಆ ಸುತ್ತಿಗೆ ಒಂದು ಹೆಜ್ಜೆ ಹಿಂದಿಡಲಿ, ಇಲ್ಲವೇ ಒಂದು ಪ್ರಶ್ನೆಗೆ ನಿಜ ಹೇಳಲಿ, ಯಾವುದೆಂಬುದನ್ನು ಸಾರಥಿ ಆರಿಸಲಿ ಎಂದಿಟ್ಟರೆ ಮಂತ್ರ ವ್ಯರ್ಥವಾಗುವುದಿಲ್ಲ, ರಕ್ಕಸನೂ ಉಳಿಯುತ್ತಾನೆ. ಹೆಜ್ಜೆಗಿಂತ ಪ್ರಶ್ನೆಯನ್ನೇ ಆರಿಸುವ ಸಾರಥಿಗಳು ಹೆಚ್ಚು ಎಂಬುದು ನಾನು ಕಂಡದ್ದು. ಮಾತಾಡಲು ಸಿಕ್ಕ ಅವಕಾಶವನ್ನು ರಕ್ಕಸರು ಸಾಮಾನ್ಯವಾಗಿ ಬಿಡುವುದಿಲ್ಲ.